ಟೀಚರಮ್ಮನ ಪಾಲಿನ ತೆರಿಗೆ

...ಉಹುಂ, ಬಾಯಿ ತೆಗೀಬೇಡ ಅಂದೆನಲ್ಲ. ಪ್ಯಾಕ್ ಹಚ್ಚಿದ ಮೇಲೆ ಮಾತಾಡಿದ್ರೆ ತುಟಿ ಸುತ್ತ ಬಿರಿಯುತ್ತೆ. ಬಿರಿದ ಕಡೆ ಗೆರೆ ಕೂರುತ್ತೆ. ನಾಳೆ ನಿನ್ನ ಬೀಳ್ಕೊಡುಗೆ, ಹಾರ ಹಾಕಿ ಫೋಟೋ ತೆಗೀತಾರೆ. ಅಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟ ಟೀಚರಮ್ಮ ರಿಟೈರ್ ಆಗೋ ದಿನ ಸುಣ್ಣ ಉದುರಿದ ಗೋಡೆ ಥರ ಕಾಣಿಸ್ಬೇಕಾ? ಕಣ್ಣು ಮುಚ್ಕೋ, ಒದ್ದೆ ಹತ್ತಿ ಇಡ್ತೀನಿ. ತಣ್ಣಗಿದೆಯಾ? ಹೂಂ ಅನ್ಬೇಡ ಮಾರಾಯ್ತಿ, ಬೆರಳು ಆಡಿಸು ಸಾಕು. ಹಾಂ, ಹಾಗೆ.

ಈಗ ನಾನು ಮಾತಾಡ್ತೀನಿ, ನೀನು ಕೇಳು. ಈ ಗಳಿಗೆಗೆ ಎರಡು ವರ್ಷದಿಂದ ಕಾದಿದೀನಿ ಕಣೇ.

ಮೊನ್ನೆ ಫೋನ್ ಮಾಡಿ, "ಫೇಶಿಯಲ್‌ಗೆ ಬರ್ಲಾ" ಅಂತ ಕೇಳಿದೆಯಲ್ಲ, ನನ್ನ ಕಿವಿ ನಾನೇ ನಂಬ್ಲಿಲ್ಲ. ಇದ್ದೀನೋ ಸತ್ತಿದೀನೋ ಅಂತ ಎರಡು ವರ್ಷ ವಿಚಾರಿಸದವಳು, ಮುಖ ತೊಳೆಸ್ಕೊಳ್ಳೋಕೆ ನನ್ನ ಪಾರ್ಲರಿಗೇ ಬರ್ತಾಳೆ. ಊರಲ್ಲಿ ಬೇರೆ ಪಾರ್ಲರ್ ಇಲ್ವಾ? ಫೋನಿಟ್ಟು ಒಬ್ಬಳೇ ನಕ್ಕೆ. ಕುರಿ ತಾನಾಗೇ ಕಟುಕನ ಮನೆ ವಿಳಾಸ ಕೇಳ್ಕೊಂಡು ಬಂತಲ್ಲ ಅಂತ.

ಯಾಕೆ ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡೆ? ಓ, ಈ ಶಬ್ದಕ್ಕಾ? ಇದು ಬ್ಲೇಡು. ಹುಬ್ಬಿಗೆ. ಚಿಕ್ಕದು, ಹೆದರ್ಬೇಡ. ಒಂದು ಹುಬ್ಬು ಬೋಳಿಸಿ ಇನ್ನೊಂದು ಬಿಟ್ಬಿಟ್ರೆ ನಾಳೆ ಭಾಷಣ ಮಾಡೋರು ಯಾವ ಕಡೆ ನೋಡ್ಕೊಂಡು ಹೊಗಳ್ತಾರೆ ಅಂತ ಯೋಚಿಸ್ತಿದ್ದೆ ಅಷ್ಟೆ. ಅಲುಗಾಡ್ಬೇಡ. ನಾನು ಹಡಗಿನ ಪಾರ್ಲರಲ್ಲಿ ಆರು ವರ್ಷ ಕೆಲಸ ಮಾಡ್ದವಳು, ಸಮುದ್ರ ಉಯ್ಯಾಲೆ ಆಡ್ತಿರೋವಾಗ್ಲೇ ಹುಬ್ಬು ತಿದ್ದಿದೀನಿ. ತಪ್ಪಿ ಕತ್ತರಿಸೋ ಕೈಯಲ್ಲ ಇದು. ಕತ್ತರಿಸಿದ್ರೆ ಬೇಕಂತಲೇ.

ನಗು ಬಂತಾ? ನಗ್ಬೇಡ. ಆ ಹಲ್ಲು ತೋರಿಸ್ಬೇಡ ನನಗೆ. ಅದು ಯಾವ ದುಡ್ಡಲ್ಲಿ ಕಟ್ಟಿಸಿದ ಹಲ್ಲು ಅಂತ ಬಲ್ಲೆ.

ಸುಮ್ನಿರೋದು ನಿನಗೇನೂ ಹೊಸದಲ್ಲ ಬಿಡು. ನನ್ನ ತಂಗಿ ಮಗ ನಿನ್ನ ಕ್ಲಾಸಲ್ಲೇ ಇದ್ದನಲ್ಲ, ಅವನು ಹೇಳೋನು. ಲೆಕ್ಕ ತಪ್ಪಾದ್ರೆ ಈ ಟೀಚರು ಬೈಯಲ್ಲ, ಹೊಡೆಯಲ್ಲ, ಕೆಂಪು ಪೆನ್ನಲ್ಲಿ ಒಂದು ಗೀಟೂ ಎಳೆಯಲ್ಲ. ಬೆಂಚಿನ ಪಕ್ಕ ಬಂದು ನಿಂತ್ಕೋತಾರಂತೆ ಅಷ್ಟೆ. ನಿಂತೇ ಇರ್ತಾರಂತೆ. ಹುಡುಗ ಮೊದಲಿಂದ ಲೆಕ್ಕ ಗಟ್ಟಿಯಾಗಿ ಓದ್ಕೊಂಡು ಬಂದು, ತಪ್ಪಿದ ಜಾಗದಲ್ಲಿ ತಾನೇ ನಾಲಿಗೆ ಕಚ್ಕೊಳ್ಳೋವರೆಗೂ. "ಹೊಡೆದ್ರೆ ವಾಸಿ ದೊಡ್ಡಮ್ಮ" ಅನ್ನೋನು, ಪಾಪ. ನಾನಾಗ ನಕ್ಕಿದ್ದೆ. ಆ ಸುಮ್ನಿರೋ ವಿದ್ಯೆಯನ್ನ ನನ್ನ ಮೇಲೂ ಪ್ರಯೋಗ ಮಾಡ್ತೀಯ ಅಂತ ಯಾರಿಗೆ ಗೊತ್ತಿತ್ತು?

ಮೊದಲಿಂದ ಹೇಳ್ತೀನಿ. ನಿನಗೆ ಮರೆತಿರಬಹುದು. ಕೊಡೋರಿಗೆ ನೆನಪಿರೋದು ಪಡೆದೋರಿಗೆ ಇರಲ್ಲ.

ಕ್ರೀಮ್ ಕಂಪನಿಯವರು ಆ ವರ್ಷ ಹೆಚ್ಚು ಮಾಲು ಮಾರಿದ ಪಾರ್ಲರಿನವರಿಗೆ ವಿದೇಶಕ್ಕೆ ಜೋಡಿ ಟಿಕೆಟ್ ಕೊಟ್ರು. ಜೋಡಿ ಅಂದ್ರೆ ಗಂಡ ಹೆಂಡತಿ ಅಂತ ಅವರ ಲೆಕ್ಕ. ನನ್ನ ಗಂಡ ಅನ್ನೋ ಮಹಾಶಯ ಇನ್ನೊಬ್ಬಳ ಜೊತೆ ಜೋಡಿಯಾಗಿ ಎಷ್ಟು ಕಾಲವಾಯ್ತು. ತಂಗಿ ಕೇಳಿದ್ಳು, ನಾದಿನಿ ಕೇಳಿದ್ಳು. ನಾನು ನಿನ್ನ ಕರೆದೆ. ಶಾಲೆ, ಮನೆ, ಮನೆ, ಶಾಲೆ ಅಂತ ಗಾಣದೆತ್ತಿನ ಹಾಗೆ ಸುತ್ತಿದವಳು, ಒಂದ್ಸಲ ವಿಮಾನ ಹತ್ಲಿ ಅಂತ. ಕಿಟಕಿ ಸೀಟೂ ನಿನಗೇ ಬಿಟ್ಕೊಟ್ಟೆ. ಮೋಡ ನೋಡಿ ಅಳ್ತಿದ್ದೆ ನೀನು. ನೆನಪಿದೆಯಾ?

ಬೆರಳು ಆಡಿಸ್ಲಿಲ್ಲ. ಹೋಗ್ಲಿ.

ಹೋಟೆಲಿಗೆ ಹೋಗೋ ಬಸ್ಸಲ್ಲಿ ಕೆಳಗಡೆ ಕ್ಯಾಸಿನೊ ಇದೆ ಅಂತ ಯಾರೋ ಅಂದ್ರು. ನಿನ್ನ ಕಣ್ಣು ನೋಡ್ಬೇಕಿತ್ತು. ಆಗ ಒಪ್ಪಂದ ಮಾಡಿದ್ದು ಯಾರು? ನೀನು. "ನೋಡೇ, ಬಂದದ್ದರಲ್ಲೂ ಅರ್ಧ, ಹೋದದ್ದರಲ್ಲೂ ಅರ್ಧ. ಆಮೇಲೆ ಜಗಳ ಬೇಡ" ಅಂತ ನನ್ನ ಅಂಗೈ ಮೇಲೆ ಅಂಗೈ ಇಟ್ಟೆ. ಹೋದದ್ದರಲ್ಲೂ ಅರ್ಧ. ನಿನ್ನ ಬಾಯಿಂದಲೇ ಬಂದ ಮಾತು. ಅದನ್ನ ಹಿಡ್ಕೊಂಡೇ ನಾನು ಇವತ್ತು ಮಾತಾಡ್ತಿರೋದು.

ಎಷ್ಟು ಊರಿನ ಕ್ಯಾಸಿನೊ ನೋಡಿದೀನಿ ನಾನು. ಎಲ್ಲಾ ಕಡೆ ಒಂದೇ ವಾಸನೆ. ಹಳೇ ಸಿಗರೇಟು, ಹೊಸ ಸೆಂಟು, ಸೋತವರ ಬೆವರು. ಕಿಟಕಿಯಿಲ್ಲ, ಗೋಡೇಲಿ ಗಡಿಯಾರವಿಲ್ಲ. ಹೊರಗೆ ಬೆಳಗಾಯ್ತೋ ಸಂಜೆಯಾಯ್ತೋ ಒಳಗಿದ್ದವರಿಗೆ ಬೇಡವೇ ಬೇಡ. ಆ ಮೆಷಿನುಗಳ ಗಣಗಣಕ್ಕೆ ನಿನಗೆ ತಲೆನೋವು ಬಂತು. ಎದ್ದು ಹೋಗೋ ಮುಂಚೆ ಪರ್ಸಿಂದ ಒಂದು ನೋಟು ತೆಗೆದು ನನ್ನ ಕೈಲಿಟ್ಟೆ. "ಇದೊಂದು ನನ್ನ ಹೆಸರಲ್ಲಿ ಹಾಕು, ಹೋದ್ರೆ ಹೋಗ್ಲಿ." ರೂಮಿಗೆ ಹೋಗಿ ಕಣ್ಣ ಮೇಲೆ ಒದ್ದೆ ಟವೆಲ್ ಹಾಕ್ಕೊಂಡು ಮಲಗಿಬಿಟ್ಟೆ. ಈಗ ಮಲಗಿದೀಯಲ್ಲ, ಥೇಟ್ ಹೀಗೇ.

ಆ ನೋಟಿಗೇ ಗೆಲುವು ಬಂತು. ಹೂಂ, ಗೊತ್ತು, ನೋಟು ನಿಂದು. ಬೆರಳು ಯಾರದು? ನೋಟು ಎಲ್ಲರ ಹತ್ರಾನೂ ಇರುತ್ತೆ. ಬಟನ್ ಒತ್ತೋ ಗಳಿಗೆ ಎಲ್ಲರಿಗೂ ಬರಲ್ಲ.

ಹತ್ತು ಲಕ್ಷ. ನಮ್ಮ ದುಡ್ಡಿಗೆ ತಿರುಗಿಸಿದ್ರೆ ಹತ್ತು ಲಕ್ಷ. ಮೆಷಿನು ದೆವ್ವ ಹಿಡಿದ ಹಾಗೆ ಕೂಗ್ತು. ಸುತ್ತ ಜನ ಸೇರಿದ್ರು. ಕೋಟು ಹಾಕಿದವನೊಬ್ಬ ಓಡಿ ಬಂದು ಪಾಸ್‌ಪೋರ್ಟ್ ಕೇಳಿದ, ನಂದೇ ಕೊಟ್ಟೆ. ಗೆದ್ದ ಮೊತ್ತ ಬರೆದ ದೊಡ್ಡ ಬೋರ್ಡು ಹಿಡ್ಕೊಂಡು ನಿಂತ್ಕೊಳ್ಳಿ, ಫೋಟೋ ತೆಗೆದು ಬಾಗಿಲಲ್ಲಿ ಹಾಕ್ತೀವಿ ಅಂದ. ನಾನು ಬೇಡ ಅಂದೆ. ಯಾಕಂದ್ರೆ... ತಲೆ ಬಾಚಿರಲಿಲ್ಲ. ಪಾರ್ಲರಿನವಳು ಕೆದರಿದ ತಲೇಲಿ ಫೋಟೋ ತೆಗೆಸ್ಕೊಂಡ್ರೆ ಚೆನ್ನಾಗಿರುತ್ತಾ?

ರೂಮಿಗೆ ಬಂದು ನಿನ್ನ ಕಿವೀಲಿ ಹೇಳ್ದೆ. ಹತ್ತು ಕಣೇ, ಹತ್ತು. ನೀನು ಟವೆಲ್ ಕಿತ್ತೆಸೆದು ನನ್ನ ತಬ್ಕೊಂಡೆ. ಎಷ್ಟು ಅಂತ ಇನ್ನೊಂದ್ಸಲ ಕೇಳ್ಲಿಲ್ಲ. ಹೌದಾ ಅಂತಲೂ ಕೇಳ್ಲಿಲ್ಲ. ನನ್ನ ಭುಜವೆಲ್ಲಾ ಒದ್ದೆ, ಕಣ್ಣೀರೋ ಟವೆಲ್ ನೀರೋ. ಆಮೇಲೆ ಶುರುವಾಯ್ತು ನಿನ್ನ ಹೆದರಿಕೆ. "ನನ್ನ ಹೆಸರು ಎಲ್ಲೂ ಬರಬಾರದು. ಅವರಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ." ನಿಮ್ಮ ಯಜಮಾನ್ರ ವಿಷಯ ನನಗೆ ಗೊತ್ತಿಲ್ವಾ? ಅಪ್ಪ ಇಸ್ಪೀಟಲ್ಲಿ ಮನೆ ಕಳೆದವರು ಅಂತ, ಮಕ್ಕಳ ಕೈಗೂ ಎಲೆ ಮುಟ್ಟಿಸದ ಮನುಷ್ಯ. ಬ್ಯಾಂಕಲ್ಲಿದ್ದಾಗ ನೆಲದ ಮೇಲೆ ಬಿದ್ದ ಗುಂಡುಸೂಜಿಯನ್ನೂ ಇದು ಯಾರದು ಅಂತ ಕೇಳ್ಕೊಂಡು ಬರ್ತಿದ್ರಂತೆ.

ಸರಿ, ಅಂದೆ. ದುಡ್ಡು ನನ್ನ ಬ್ಯಾಂಕಿಗೆ ಬಂತು. ಶಾಂಪೂ ಬಾಟಲಿ ಬರೋ ರಟ್ಟಿನ ಪೆಟ್ಟಿಗೇಲಿ ಐದು ಲಕ್ಷ ಇಟ್ಟು, ಮೇಲೆ ನಾಲ್ಕು ಬಾಟಲಿ ಜೋಡಿಸಿ, ನಿನ್ನ ಮನೆ ಬಾಗಿಲಿಗೆ ತಂದು ಕೊಟ್ಟವಳು ನಾನು. ನಿಮ್ಮ ಯಜಮಾನ್ರೇ ಬಾಗಿಲು ತೆಗೆದ್ರು. "ಇಷ್ಟೊಂದು ಶಾಂಪೂನಾ" ಅಂದ್ರು. ಹೊಟ್ಟು ಜಾಸ್ತಿ ಸಾರ್, ಅಂದೆ. ಪೆಟ್ಟಿಗೆ ತಾವೇ ಎತ್ಕೊಂಡು ಒಳಗಿಟ್ರು, ಪಾಪ.

ಮತ್ತೆ ನಗ್ತೀಯ. ಬಿರೀತು ನೋಡು, ಮೂಗಿನ ಪಕ್ಕ. ಇರು, ಒಂಚೂರು ನೀರು ಚಿಮುಕಿಸ್ತೀನಿ.

ಅಲ್ಲಿವರೆಗೂ ನಾವು ಗೆಳತಿಯರು. ಆಮೇಲೆ ಬಂತಲ್ಲ ತೆರಿಗೆ.

ಕ್ಯಾಸಿನೊದವನು ಅಂದಿದ್ದ, "ಇಲ್ಲಿ ಏನೂ ಹಿಡ್ಕೊಳ್ಳಲ್ಲ, ನಿಮ್ಮೂರಲ್ಲಿ ಕಟ್ಕೊಳ್ಳಿ" ಅಂತ. ನಿಮ್ಮೂರಲ್ಲಿ ಕಟ್ಕೊಳ್ಳಿ ಅಂದ್ರೆ ಕಟ್ಟಬೇಕಾಗಿಲ್ಲ ಅಂತ ನಾನು ಅರ್ಥ ಮಾಡ್ಕೊಂಡೆ. ಲೋಕ ಸುತ್ತಿದವಳ ಬುದ್ಧಿ ನೋಡು. ಒಂದು ವರ್ಷ ಆರಾಮಾಗಿದ್ದೆ. ಆಮೇಲೆ ನೋಟೀಸು. ಬ್ಯಾಂಕಿಗೆ ಬಂದದ್ದು ಅವರ ಕಣ್ಣಿಗೆ ಬಿದ್ದಿತ್ತು.

ತೆರಿಗೆ ಆಫೀಸಿಗೆ ಹೋದೆ. ನೆಗಡಿ ಆದ ಹೆಂಗಸೊಬ್ಬಳು, ಮೂಗು ಒರೆಸ್ಕೊಂಡು ಒರೆಸ್ಕೊಂಡೇ ನನ್ನ ಕತ್ತು ಕೊಯ್ದಳು. ಜೂಜಿನ ಗೆಲುವಿಗೆ ನೂರಕ್ಕೆ ಮೂವತ್ತು, ಅಂದ್ಳು. ಖರ್ಚು ಕಳೆಯೋ ಹಾಗಿಲ್ಲ, ರಿಯಾಯಿತಿ ಇಲ್ಲ. "ಗೆದ್ದವರು ನೀವೊಬ್ಬರೇನಾ? ಜೊತೆಗೆ ಯಾರಾದ್ರೂ ಪಾಲುದಾರರು ಇದ್ರೆ ಹೇಳಿ, ಅವರನ್ನೂ ಕರೆಸಿ ಭಾಗ ಮಾಡಿ ಹಾಕೋಣ" ಅಂತ ಒಳ್ಳೆ ಮಾತಲ್ಲೇ ಕೇಳಿದ್ಳು. ಬಾಯಿ ಬಿಟ್ಟಿದ್ರೆ ಅಲ್ಲೇ ಮುಗೀತಿತ್ತು. ನಿನ್ನ ಪಾಲಿಂದು ನೀನೇ ಕಟ್ತಿದ್ದೆ. ನಾನೇನಂದೆ ಗೊತ್ತಾ? "ಒಬ್ಬಳೇ ಮೇಡಂ." ನಿನ್ನ ಹೆಸರು ಹೇಳ್ಲಿಲ್ಲ ಕಣೇ. ನಿನ್ನನ್ನ ಆ ಆಫೀಸಿಗೆ ಕರೆಸಿ, ಆ ಕಾಗದ ನಿನ್ನ ಮುಂದೆ ಇಟ್ಟು... ಬೇಡ ಅನ್ನಿಸ್ತು. ನಿನ್ನ ಸಂಸಾರ ಉಳೀಲಿ ಅಂತ. ಯಾರು ಮಾಡ್ತಾರೆ ಇದನ್ನ? ಒಡಹುಟ್ಟಿದವರು ಮಾಡಲ್ಲ.

ಮನೆಗೆ ಬಂದವಳೇ ನಿನಗೆ ಫೋನ್ ಮಾಡ್ದೆ. ನೋಟೀಸು ಕೈಯಲ್ಲೇ ಇತ್ತು. ಹೋದದ್ದರಲ್ಲಿ ಅರ್ಧ ಕೊಡೇ, ಅಂದೆ. "ಎಷ್ಟು" ಅಂತ ಕೇಳಿದೆ ನೀನು. ಕಾಗದ ನೋಡಿ ಹೇಳ್ದೆ. ಆಮೇಲೆ ಏನೂ ಇಲ್ಲ. ಲೈನ್ ಹೋಯ್ತೇನೋ ಅಂತ ಹಲೋ ಹಲೋ ಅಂದೆ, ನಿನ್ನ ಮನೆ ಫ್ಯಾನ್ ತಿರುಗೋದು ಕೇಳಿಸ್ತಿತ್ತು. "ಇನ್ನೊಂದ್ಸಲ ಹೇಳು" ಅಂತ ಕೇಳಿದೆ. ಇನ್ನೊಂದ್ಸಲ ಹೇಳ್ದೆ. ಫೋನಿಟ್ಟುಬಿಟ್ಟೆ ನೀನು.

ಅಷ್ಟೇ. ಎರಡು ವರ್ಷ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ. ನಾನು ತೆರಿಗೆ ಅಂದೆ, ನೀನು ಹೆಗಲೊರೆಸ್ಕೊಂಡು ಮಾಯವಾದೆ. ಶಾಲೆ ಗೇಟಿನ ಹತ್ರ ಎರಡು ಸಲ ಕಾದೆ. ಹಿಂದಿನ ಬಾಗಿಲಿಂದ ಹೋದೆಯಂತೆ. ಮಾರ್ಕೆಟ್ಟಲ್ಲಿ ನನ್ನ ಕಂಡು ತರಕಾರಿಯವನಿಗೆ ದುಡ್ಡೂ ಕೊಡದೆ ಚೀಲ ಬಿಟ್ಟು ನಡೆದೆ. ಅವನು ಆ ಚೀಲ ನನ್ನ ಕೈಗೆ ಕೊಟ್ಟು, "ನಿಮ್ಮ ಫ್ರೆಂಡ್ ಅಲ್ವಾಮ್ಮ, ತಲುಪಿಸಿ" ಅಂದ. ತಲುಪಿಸ್ಲಿಲ್ಲ. ನಿನ್ನ ಬೀನ್ಸ್ ನಾನೇ ತಿಂದೆ. ದುಡ್ಡೂ ನಾನೇ ಕೊಟ್ಟೆ, ಅದನ್ನೂ ಬರ್ಕೋ.

ತೆರಿಗೆಗೆ ಏನು ಮಾರ್ದೆ ಗೊತ್ತಾ? ಮುಖಕ್ಕೆ ಹಬೆ ಕೊಡೋ ಸ್ಟೀಮರ್ ಮಾರ್ದೆ. ಆ ಮೂಲೇಲಿದ್ದ ಎರಡನೇ ಕುರ್ಚಿ ಮಾರ್ದೆ. ಅಮ್ಮನ ಎರಡೆಳೆ ಸರ ಮಾರ್ದೆ. ನೀನು ಅದಕ್ಕೂ ಮುಂಚೆ, ದುಡ್ಡು ಕೈಗೆ ಬಂದ ವರ್ಷವೇ, ಹಲ್ಲಿನ ಡಾಕ್ಟರ್ ಮುಂದೆ ಬಾಯಿ ಕಳ್ಕೊಂಡು ಕೂತಿದ್ದೆ. ಶಾಲೆ ಸಂಘದ ಸಾಲ ಅಂತ ಮನೇಲಿ ಹೇಳಿದೆಯಂತೆ. ನಿನ್ನ ಸುಳ್ಳುಗಳೆಲ್ಲಾ ನನಗೆ ಬರ್ತವೆ ಕಣೇ, ಊರವರ ಬಾಯಿ ನನ್ನ ಪಾರ್ಲರಲ್ಲೇ ತಾನೆ ತೆರೆಯೋದು.

ಬೆಚ್ಚಗಿನ ನೀರು, ಈಗ ಒರೆಸ್ತೀನಿ. ಹಣೆ... ಕೆನ್ನೆ... ಅಬ್ಬಾ, ಚರ್ಮ ಹೇಗೆ ಹೊಳೀತಿದೆ ನೋಡು, ದುಷ್ಮನ್‌ಗೂ ಕೆಲಸ ಕೆಡಿಸಲ್ಲ ನನ್ನ ಕೈ. ಕಣ್ಣು ಬಿಡು. ಏಳು.

ಈಗ ಮಾತಾಡಬಹುದು. ಪ್ಯಾಕ್ ಹೋಯ್ತು.

ಏನು ಸುತ್ತ ನೋಡ್ತಿದೀಯ? ಕನ್ನಡಿಗಳಾ? ಹೂಂ, ಹೊಸವು. ಮೂರು ಗೋಡೆಗೂ ಹಾಕಿಸ್ದೆ. ಏಸಿ... ಅದೂ ಆವಾಗಿಂದೇ. ಸಾಲ ಕಣೇ, ಕಂತಿನ ಮೇಲೆ. ಏನು ಹಾಗೆ ನೋಡೋದು? ಪಾರ್ಲರ್ ಅಂದ್ಮೇಲೆ ಕನ್ನಡಿ ಬೇಡ್ವಾ?

ಮಾತಾಡೇ. ನಾನು ಇಷ್ಟು ಹೊತ್ತು ಗಂಟಲು ಹರ್ಕೊಂಡೆ. ತಪ್ಪಾಯ್ತು ಅಂತಾದ್ರೂ ಅನ್ನು, ಅನ್ನಲ್ಲ ಅಂತಾದ್ರೂ ಅನ್ನು.

ಸರಿ, ಬೇಡ. ಹೊರಗೆ ಕಾರು ನಿಂತ ಶಬ್ದ ಕೇಳಿಸ್ತಾ? ನಿಮ್ಮ ಯಜಮಾನ್ರು. ಕರ್ಕೊಂಡು ಹೋಗೋಕೆ ಬರ್ತಾರೆ ಅಂತ ನೀನೇ ಹೇಳಿದ್ದೆ, ಅದನ್ನ ಕೇಳಿದಾಗಿಂದ ನನಗೆ ನಿದ್ದೆ ಇಲ್ಲ. ಸಂತೋಷಕ್ಕೆ. ಈಗ ಹೋಗಿ ಹೇಳ್ತೀನಿ. ಸಾರ್, ನಿಮ್ಮ ಮನೆಯವರ ಬಾಯಲ್ಲಿರೋದು ಸಂಘದ ಸಾಲ ಅಲ್ಲ, ಜೂಜಿನ ದುಡ್ಡು. ನೀವು ಆವತ್ತು ಎತ್ಕೊಂಡು ಒಳಗಿಟ್ಟಿದ್ದು ಶಾಂಪೂ ಅಲ್ಲ. ನಾಳೆ ನಿನ್ನ ಸನ್ಮಾನದಲ್ಲಿ ಮುಂದಿನ ಸಾಲಲ್ಲಿ ಅವರ ಕುರ್ಚಿ ಖಾಲಿ ಇರ್ಬೇಕು. ನನ್ನ ಮೂಲೆ ಖಾಲಿ ಮಾಡಿದೆಯಲ್ಲ, ಹಾಗೆ. ಹೋಗ್ಲಾ? ಹೋಗ್ಬೇಡ ಅಂತ ಒಂದು ಮಾತು ಅಂದ್ರೆ ಹೋಗಲ್ಲ.

ಅನ್ನಲ್ಲ. ಸರಿ ಹಾಗಾದ್ರೆ.

ಸಾರ್, ನಮಸ್ಕಾರ. ಇಳೀಬೇಡಿ, ಇಲ್ಲೇ ಹೇಳ್ತೀನಿ. ನಿಮ್ಮ ಮನೆಯವರು ಮೂರು ವರ್ಷದ ಹಿಂದೆ ನನ್ನ ಜೊತೆ ಬಂದಾಗ ಅಲ್ಲಿ ಒಂದು ಕ್ಯಾಸಿನೊದಲ್ಲಿ... ಏನಂದ್ರಿ?

ಗೊತ್ತಾ?

ಎಲ್ಲಾನಾ? ಯಾವಾಗಿಂದ... ಎರಡು ವರ್ಷದಿಂದಾ? ಅವಳೇ ಹೇಳಿದ್ಳಾ? ಮತ್ತೆ ನೀವು... ಸರಿ ಸಾರ್. ಇಲ್ಲ, ಏನೂ ಇಲ್ಲ. ಈಗ್ಲೇ ಹೊರಗೆ ಕಳಿಸ್ತೀನಿ, ಮುಗೀತು.

ಗಂಡನಿಗೆ ಹೇಳಿಬಿಟ್ಟಿದೀಯ. ಫೋನಿಟ್ಟ ದಿನವೇ, ಅಲ್ವಾ? ಮತ್ತೆ ನನ್ನನ್ನ ಇಷ್ಟು ಹೊತ್ತು ಕುಣಿಯೋಕೆ ಯಾಕೆ ಬಿಟ್ಟೆ? ಕೆಮ್ಮಾದ್ರೂ ಕೆಮ್ಮಬಹುದಿತ್ತು.

ಏನು ತೆಗೀತಿದೀಯ ಬ್ಯಾಗಿಂದ? ಫೇಶಿಯಲ್ ದುಡ್ಡು ಬೇಡ ಕಣೇ, ಅಷ್ಟು ಕೀಳಲ್ಲ ನಾನು. ಅಲ್ಲಾ, ಇದು ದಪ್ಪ ಇದೆ. ಇದು... ತೆರಿಗೆದಾ? ನಿನ್ನ ಪಾಲಾ?

ಅಯ್ಯೋ. ಮೊದಲೇ ಹೇಳಬಾರದಿತ್ತಾ ಮಾರಾಯ್ತಿ. ಬ್ಲೇಡು ಗೀಡು ಅಂತ ಏನೇನೋ ಅಂದುಬಿಟ್ಟೆ. ಅಂತೂ ಮನಸ್ಸು ಬಂತಲ್ಲ. ಸಾರೇ ಕೊಡಿಸಿರ್ಬೇಕು. ಗುಂಡುಸೂಜಿ ಉಳಿಸ್ಕೊಳ್ಳದ ಮನುಷ್ಯ, ತೆರಿಗೆ ಉಳಿಸ್ಕೊಳ್ಳೋಕೆ ಬಿಡ್ತಾರಾ? ಎಣಿಸ್ತೀನಿ, ಬೇಜಾರಿಲ್ಲ ತಾನೆ? ಗೆಳೆತನ ಬೇರೆ, ಲೆಕ್ಕ ಬೇರೆ. ಇದು ಒಂದು ಕಟ್ಟು, ಒಂದು ಲಕ್ಷ. ಇದು... ಅರ್ಧ ಕಟ್ಟು. ಇನ್ನೂ ಇದೆಯಾ ಒಳಗೆ? ಇಲ್ಲ.

ಒಂದೂವರೆ.

ಒಂದೂವರೆನೇನಾ? ಸಾಲದು ಕಣೇ. ಫೋನಲ್ಲಿ ಎರಡು ಸಲ ಹೇಳಿದ್ನಲ್ಲ, ಎರಡು ಲಕ್ಷದ ನಲವತ್ತು ಸಾವಿರ ಅಂತ. ತೊಂಬತ್ತು ಸಾವಿರ ಕಮ್ಮಿ ಇದೆ. ಇದೇನು ಟೀಚರಮ್ಮ, ರಿಟೈರ್ ಆಗೋ ಹೊತ್ತಿಗೆ ಮಗ್ಗಿ ಮರೆತುಹೋಯ್ತಾ? ಊರ ಮಕ್ಕಳಿಗೆಲ್ಲಾ ಶೇಕಡಾ ಲೆಕ್ಕ ಹೇಳ್ಕೊಟ್ಟವಳಿಗೆ ನಾನು ಹೇಳ್ಕೊಡ್ಬೇಕಾ? ತಗೋ, ಹೇಳ್ತೀನಿ. ನೂರಕ್ಕೆ ಮೂವತ್ತು. ಅಂದ್ರೆ ಲಕ್ಷಕ್ಕೆ ಮೂವತ್ತು ಸಾವಿರ. ಹದಿನಾರು ಲಕ್ಷಕ್ಕೆ, ಹದಿನಾರು ಮೂರಲಿ ನಲವತ್ತೆಂಟು, ನಾಲ್ಕು ಲಕ್ಷದ ಎಂಬತ್ತು ಸಾವಿರ. ಅದರಲ್ಲಿ ಅರ್ಧ...

ಅರ್ಧ...

ಹತ್ತು. ಹತ್ತು ಅಂದಿದ್ದೆ ಅಲ್ವಾ ನಾನು. ಹತ್ತು ಲಕ್ಷಕ್ಕೆ ಮೂರು. ಮೂರರಲ್ಲಿ ಅರ್ಧ...

ಸರಿ ಇದೆ. ನಿನ್ನ ಲೆಕ್ಕ ಸರಿ ಇದೆ.

ಕೇಳು. ಕೇಳಿಲ್ಲಿ. ಪಾರ್ಲರಿನ ಬಾಡಿಗೆ ಬಾಕಿ ಇತ್ತು ಆಗ. ಆ ಓನರ್ರು ಬೀಗ ಹಾಕ್ತೀನಿ ಅಂದಿದ್ದ. ಲಿಫ್ಟಲ್ಲಿ ಬರೋವಾಗ ಹದಿನಾರು ಅಂತಲೇ ಹೇಳ್ಬೇಕು ಅಂದ್ಕೊಂಡಿದ್ದೆ ಕಣೇ. ಬಾಗಿಲು ತೆಗೆದ್ರೆ ನೀನು ಕಣ್ಣಿಗೆ ಟವೆಲ್ ಹಾಕ್ಕೊಂಡು... ನೀನು ಒಂದ್ಸಲ ಕಣ್ಣು ಬಿಟ್ಟು ನೋಡಿದ್ದಿದ್ರೆ ನಾನು...

ಯಾಕೆ ಹಾಗೆ ನಿಂತಿದೀಯ? ಕೂತ್ಕೋ. ಇಲ್ಲಾ ಹೋಗು. ಸಾರು ಕಾಯ್ತಿದಾರೆ. ಹೀಗೆ ನಿಲ್ಬೇಡ, ಈ ಹಾಳು ಕನ್ನಡಿಗಳಲ್ಲಿ ಯಾವ ಕಡೆ ತಿರುಗಿದ್ರೂ ನೀನೇ ನಿಂತಿದೀಯ.

ತಾಳು... ಕಿವಿ ಹಿಂದೆ ಒಂಚೂರು ಪ್ಯಾಕ್ ಉಳಿದಿದೆ. ಫೋಟೋದಲ್ಲಿ ಕಾಣುತ್ತೆ. ಬಾ, ಒರೆಸ್ತೀನಿ.

ಬಾರೇ.

ನೀನೇ ಒರೆಸ್ಕೋತೀಯಾ? ಸರಿ. ಅಲ್ಲಲ್ಲ, ಇನ್ನೊಂಚೂರು ಮೇಲೆ. ಹಾಂ, ಹೋಯ್ತು. ಏನಾದ್ರೂ ಅನ್ನೇ ಟೀಚರಮ್ಮ. ಕಳ್ಳಿ ಅನ್ನು. ಅನ್ನಲ್ವಾ? ಹೊಡಿ ಹಾಗಾದ್ರೆ. ಹೊಡೆದ್ರೆ ವಾಸಿ.